ಮುಚ್ಚಳಗಳ ಕಪಾಟು

ನಮ್ಮ ಕೋಣೆಯ ಬಾಗಿಲು ಒಳಕ್ಕೆ ತೆರೆಯುತ್ತಿತ್ತು. ಹಿಂದೆ ಆಸ್ಪತ್ರೆಯ ಬೆಡ್‌ಶೀಟು, ದಿಂಬು ತುಂಬಿಡುತ್ತಿದ್ದ ಕೋಣೆ ಅದು. ಮನುಷ್ಯರು ಕೂರಲಿ ಎಂದು ಯಾರೂ ಕಟ್ಟಿಸಿದ್ದಲ್ಲ. ಒಂದು ಮೇಜು, ಎರಡು ಕುರ್ಚಿ, ಗೋಡೆಯುದ್ದಕ್ಕೂ ಒಂದು ಕಪಾಟು ಇಟ್ಟ ಮೇಲೆ ಉಳಿದ ಜಾಗದಲ್ಲಿ ಒಂದೋ ಬಾಗಿಲು ತೆರೆಯಬೇಕು, ಇಲ್ಲವೇ ಒಬ್ಬ ಮನುಷ್ಯ ನಿಲ್ಲಬೇಕು. ಯಾರಾದರೂ ಬಾಗಿಲು ತಟ್ಟಿದರೆ ನಾನು ಎರಡೂ ಕಾಲೆತ್ತಿ ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಕೂರುತ್ತಿದ್ದೆ. ಹೊಸಬರು ಯಾವುದೋ ಮಠಕ್ಕೆ ಬಂದೆವೇನೋ ಎಂದು ಚಪ್ಪಲಿ ಬಿಡಲು ಹೋದದ್ದುಂಟು. ಕಿಟಕಿ ಒಂದಿತ್ತು. ಅದರಿಂದ ಕಾಣುತ್ತಿದ್ದದ್ದು ಕಾಂಪೌಂಡ್ ಗೋಡೆ, ಗೋಡೆಯ ಮೇಲೆ ನೆಟ್ಟ ಗಾಜಿನ ಚೂರು. ಹೊರಗೆ ನೇತುಹಾಕಿದ್ದ ಬೋರ್ಡು ಮಾತ್ರ ಕೋಣೆಗಿಂತ ಉದ್ದವಾಗಿತ್ತು: ವಿಷ ಮಾಹಿತಿ ಕೇಂದ್ರ, ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ. ನಾಲ್ಕು ತಾಲೂಕಿನ ವಿಷವೆಲ್ಲ ಬಂದು ಸೇರುವ ಜಾಗದಲ್ಲಿ ನನ್ನ ಮೊಣಕಾಲಿಗೆ ಜಾಗವಿರಲಿಲ್ಲ.

ನಾನು ಅಲ್ಲಿಗೆ ಸೇರಿದ್ದೇ ಆಕಸ್ಮಿಕ. ನಾಗಮಂಗಲದ ಕಡೆಯ ನಮ್ಮ ಮನೆಯಲ್ಲಿ ಹೊಲ, ಹಸು ಬಿಟ್ಟರೆ ಬೇರೆ ಮಾತಿಲ್ಲ. ಎರಡಕ್ಕೂ ನಾನು ಪ್ರಯೋಜನವಿಲ್ಲ ಎಂದು ಖಚಿತವಾದ ಮೇಲೆ ಅಪ್ಪ ನನ್ನನ್ನು ಡಿ.ಫಾರ್ಮಾಕ್ಕೆ ಸೇರಿಸಿದ. ಬಿಳಿ ಕೋಟು ಹಾಕಿಕೊಂಡು ಫ್ಯಾನಿನ ಕೆಳಗೆ ನಿಂತು ಮಾತ್ರೆ ಎಣಿಸಿಕೊಡುವ ಜೀವನ ನನ್ನ ಕಣ್ಣಲ್ಲಿತ್ತು. ಶ್ರೀರಂಗಪಟ್ಟಣದ ಈ ಟ್ರಸ್ಟ್ ಆಸ್ಪತ್ರೆಗೆ ಅರ್ಜಿ ಹಾಕಿದ್ದು ಅದಕ್ಕೇ. ಸಂದರ್ಶನದ ದಿನ ತಪ್ಪು ಬಸ್ಸು ಹತ್ತಿ ಬೆಳಗೊಳಕ್ಕೆ ಹೋಗಿಬಂದೆ. ಅಷ್ಟರಲ್ಲಿ ಔಷಧಿ ಕೌಂಟರು ಬೇರೊಬ್ಬನ ಪಾಲಾಗಿತ್ತು. ಮೂರು ತಿಂಗಳ ಮಟ್ಟಿಗೆ ಫೋನಿನ ಕೋಣೆಯಲ್ಲಿರಿ, ಆಮೇಲೆ ನೋಡೋಣ ಎಂದರು. ಈಗ ಮೂರನೇ ವರ್ಷ. ಬೇರೆ ವಿಭಾಗಕ್ಕೆ ಹಾಕಿ ಎಂದು ನಾನು ಬರೆದ ಅರ್ಜಿಗಳಲ್ಲಿ ಬೆನ್ನುನೋವು, ಉಬ್ಬಸ, ಗೋಡೆ ಕಂಡರೆ ತಲೆಸುತ್ತು ಎಲ್ಲವೂ ಬಂದುಹೋಗಿವೆ. ಇಷ್ಟೊಂದು ಕಾಯಿಲೆ ಇರುವವರು ಆಸ್ಪತ್ರೆಯಲ್ಲೇ ಇರುವುದು ಕ್ಷೇಮ ಎಂದು ಆಫೀಸಿನವರು ಹೇಳಿ ಕಳಿಸಿದರು.

ನನ್ನ ಮೇಲಿನವರು ಒಬ್ಬರೇ, ಹಿರಿಯ ನರ್ಸು. ಎಲ್ಲರಿಗೂ ಅವರು ಸಿಸ್ಟರ್. ಮನೆ ಗಂಜಾಂನಲ್ಲಿ, ಗಂಡ ದೇವಸ್ಥಾನದ ಕೆಲಸದವರು. ಮೊದಲ ದಿನವೇ ಅವರು ಒಂದು ನಿಯಮ ಹೇಳಿದರು: ಕರೆ ಎತ್ತಿದವನು, ಆ ರೋಗಿ ಯಾವುದಾದರೂ ಡಾಕ್ಟರ ಕೈಸೇರಿದ ಸುದ್ದಿ ಬರುವವರೆಗೆ ಕುರ್ಚಿ ಬಿಟ್ಟು ಏಳಬಾರದು. ಕೇಳುವಾಗ ಚೆನ್ನಾಗಿತ್ತು. ಆಮೇಲೆ ಪಾಂಡವಪುರದ ಕಡೆಯ ಒಬ್ಬ ಅಜ್ಜ ಇಲಿಪಾಷಾಣದ ಬಿಸ್ಕತ್ತು ತಿಂದು ಆಟೋದಲ್ಲಿ ಹೊರಟವನು, ದಾರಿಯಲ್ಲಿ ಎಳನೀರು ಕುಡಿದು, ಭಾವನ ಮನೆಗೆ ಹೋಗಿ ಮಾತಾಡಿಸಿಕೊಂಡು ಆಸ್ಪತ್ರೆ ಸೇರುವಷ್ಟರಲ್ಲಿ, ಅಜ್ಜನಿಗಿಂತ ನನ್ನ ಸ್ಥಿತಿ ಚಿಂತಾಜನಕವಾಗಿತ್ತು. ಎರಡು ಲೋಟ ಮಜ್ಜಿಗೆ ಕುಡಿದು ಆ ಕರೆ ಎತ್ತಿದ್ದೆ.

ನನ್ನ ಆರಂಭದ ಸಾಧನೆಗಳನ್ನೂ ಹೇಳಿಬಿಡುತ್ತೇನೆ. ಮಗು ನುಸಿಗುಳಿಗೆ ನುಂಗಿದೆ ಎಂದು ಒಬ್ಬಾಕೆ ಫೋನು ಮಾಡಿದಾಗ, ಒಂದು ನಿಮಿಷ ಇರಿ ಅಕ್ಕ, ಪುಸ್ತಕ ನೋಡಿ ಹೇಳುತ್ತೇನೆ ಎಂದು ಬಹಳ ಮರ್ಯಾದೆಯಿಂದ ರಿಸೀವರನ್ನು ಅದರ ಜಾಗದಲ್ಲಿಟ್ಟೆ. ಲೈನು ಕಟ್ಟಾಯಿತು. ಆಕೆ ಮತ್ತೆ ಮಾಡಿದಳು. ಕ್ಷಮಿಸಿ ಎಂದು ಹೇಳಿ, ಪುಟ ತಿರುವಲು ಎರಡೂ ಕೈ ಬೇಕಾಗಿ, ಮತ್ತೆ ಅದರ ಜಾಗದಲ್ಲೇ ಇಟ್ಟೆ. ಮೂರನೇ ಸಲ ಸಿಸ್ಟರ್ ನನ್ನ ಕೈಯಿಂದ ರಿಸೀವರ್ ಕಿತ್ತುಕೊಂಡು ಮಾತಾಡಿದರು. ಮಗು ಚೆನ್ನಾಗಿತ್ತು. ನನ್ನ ಮುಖ ಒಂದು ವಾರ ಚೆನ್ನಾಗಿರಲಿಲ್ಲ.

ಕೇಂದ್ರ ಹುಟ್ಟಿದ ಕತೆಯನ್ನು ಸಿಸ್ಟರ್ ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಸ್ವಲ್ಪ ಸ್ವಲ್ಪವೇ ಹೇಳುತ್ತಿದ್ದರು. ಮೊದಲು ಕೋಣೆಯೂ ಇರಲಿಲ್ಲ, ಬೋರ್ಡೂ ಇರಲಿಲ್ಲ. ವಾರ್ಡಿನ ಮೂಲೆಯ ಮೇಜಿನ ಮೇಲೆ ಒಂದು ಕಪ್ಪು ಫೋನು, ಪಕ್ಕದಲ್ಲಿ ಅವರದೇ ಒಂದು ನೋಟ್‌ಬುಕ್ಕು. ವಿಷ ಸೇರಿದವರನ್ನು ಹೊತ್ತು ತರುವವರು ಚಾಪೆ, ಕಂಬಳಿ, ಫ್ಲಾಸ್ಕು, ಜೊತೆಗೆ ಬೀದಿಯ ಅರ್ಧ ಜನವನ್ನು ತರುತ್ತಿದ್ದರು. ಬಾಟಲಿ ಒಂದನ್ನು ಬಿಟ್ಟು. ಏನು ಕುಡಿದದ್ದು ಎಂದರೆ ಔಷ್ದಿ. ಯಾವ ಔಷಧಿ ಎಂದರೆ ಬೆಳೆಗೆ ಹೊಡೆಯೋದು. ಯಾವ ಬೆಳೆಗೆ ಎಂದರೆ ಎಲ್ಲದಕ್ಕೂ. ಆಗ ಇದ್ದ ಹಿರಿಯ ಡಾಕ್ಟರೊಬ್ಬರು ಸಿಸ್ಟರ್ ಕೈಗೆ ಪೆನ್ನು ಕೊಟ್ಟು, ಜನ ಏನೇನು ಗುರುತು ಹೇಳುತ್ತಾರೋ ಅದನ್ನೆಲ್ಲ ಬರೆದಿಡಿ, ಪುಸ್ತಕದ ಹೆಸರು ಆಮೇಲೆ ಸೇರಿಸೋಣ ಎಂದರಂತೆ. ಅದು ಕೇಂದ್ರದ ಮೊದಲ ದಿನ. ಉದ್ಘಾಟನೆಯೂ ಇಲ್ಲ, ಟೇಪೂ ಇಲ್ಲ.

ಬರೆಯುತ್ತಾ ಹೋದಂತೆ ಒಂದು ವಿಷಯ ಗೊತ್ತಾಯಿತು. ಜನ ಹೆಸರು ಹೇಳುತ್ತಿರಲಿಲ್ಲ, ಚೀಟಿಯ ಬಣ್ಣ ಹೇಳುತ್ತಿರಲಿಲ್ಲ. ಎಲ್ಲರೂ ಮುಚ್ಚಳ ಹೇಳುತ್ತಿದ್ದರು. ಟ್ಯಾಂಕಿಗೆ ಎರಡು ಮುಚ್ಚಳದ್ದು, ಟ್ಯಾಂಕಿಗೆ ನಾಲ್ಕು ಮುಚ್ಚಳದ್ದು, ಹಳದಿ ಮುಚ್ಚಳದ್ದು. ಹೊಲಗಳಲ್ಲಿ ಸಿಂಪಡಿಸುವ ಟ್ಯಾಂಕಿಗೆ ಔಷಧಿ ಅಳೆಯುವುದೇ ಬಾಟಲಿಯ ಮುಚ್ಚಳದಿಂದ. ಒಬ್ಬರು ದೊಡ್ಡ ಬಾಟಲಿ ತಂದರೆ ಹೊಡೆದು ಮಿಕ್ಕಿದ್ದು ಅಕ್ಕಪಕ್ಕದ ಹೊಲಕ್ಕೆ ಹೋಗುತ್ತದೆ, ನೀರಿನ ಬಾಟಲಿಯಲ್ಲೋ ಎಣ್ಣೆ ಡಬ್ಬಿಯಲ್ಲೋ. ಆದರೆ ಅಳತೆ ತಪ್ಪಬಾರದಲ್ಲ. ಅದಕ್ಕೆ ಅಸಲಿ ಮುಚ್ಚಳವನ್ನು ದಾರದಲ್ಲಿ ಕಟ್ಟಿ ಜೊತೆಗೆ ಕೊಡುತ್ತಾರೆ. ಬಾಟಲಿ ಯಾವುದೋ, ಒಳಗಿರುವುದು ಯಾವುದೋ, ನಂಬಬಹುದಾದದ್ದು ಕುತ್ತಿಗೆಗೆ ನೇತಾಡುವ ಆ ಮುಚ್ಚಳ ಒಂದೇ.

ಸಿಸ್ಟರ್ ಬಸ್‌ಸ್ಟ್ಯಾಂಡಿಗೆ ಹೋಗಿ ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಬಸ್ಸುಗಳ ಕಂಡಕ್ಟರುಗಳನ್ನು ಹಿಡಿದು, ಊರುಗಳಿಂದ ಖಾಲಿ ಡಬ್ಬ ತಂದುಕೊಡಿ ಎಂದು ಕೇಳಿಕೊಂಡರು. ಮೊದಲ ಚೀಲ ಬಂದ ದಿನ ಅದರ ನಾತಕ್ಕೆ ಬಸ್ಸಿನವರೆಲ್ಲ ಕಿರಂಗೂರಿನಲ್ಲೇ ಇಳಿದು ನಡೆದುಬಂದರು ಎನ್ನುತ್ತಾರೆ. ಅದನ್ನು ಹೇಳಿದವನು ಕಂಡಕ್ಟರು, ಅವನೂ ನನ್ನ ಜಾತಿಯ ಸುಳ್ಳುಗಾರ. ಆಮೇಲೆ ಡಬ್ಬ ಬೇಡ, ಮುಚ್ಚಳ ಸಾಕು ಎಂದಾಯಿತು. ಹಾಲಿನ ಡೈರಿಗಳ ಮುಂದೆ ಒಂದೊಂದು ಪ್ಲಾಸ್ಟಿಕ್ ಡಬ್ಬ ಇಟ್ಟರು. ಹಾಲು ಹಾಕಲು ಬಂದವರು ಹಳೆ ಮುಚ್ಚಳ ಹಾಕಿ ಹೋಗುತ್ತಿದ್ದರು. ಬಂದ ಪ್ರತಿ ಮುಚ್ಚಳವನ್ನೂ ಸಿಸ್ಟರ್ ತೊಳೆದು, ಸಿರಿಂಜಿನಿಂದ ನೀರು ಬಿಟ್ಟು ಎಷ್ಟು ಹಿಡಿಯುತ್ತದೆ ಎಂದು ನೋಡಿ, ಗಾಯಕ್ಕೆ ಹಾಕುವ ಪ್ಲಾಸ್ಟರಿನ ಚೂರಿನ ಮೇಲೆ ನಂಬರು, ಅಳತೆ, ಬೆಳೆ, ಮಾಡಬೇಕಾದದ್ದು, ಮಾಡಬಾರದ್ದು ಬರೆದು ಒಳಗೆ ಅಂಟಿಸುತ್ತಿದ್ದರು. ಆ ನಂಬರು ಹಿಡಿದು ನೋಟ್‌ಬುಕ್ಕು ನೋಡಿದರೆ ಉಳಿದ ವಿವರ.

ಹೀಗೆ ಕಪಾಟು ತುಂಬಿತು. ಉಳಿದ ಮೂರೂ ತಾಲೂಕಿನ ಆಸ್ಪತ್ರೆಯ ಡಾಕ್ಟರುಗಳು ರೋಗಿ ಬಂದ ಕೂಡಲೇ ನಮಗೆ ಫೋನು ಮಾಡುವ ಅಭ್ಯಾಸ ಮಾಡಿಕೊಂಡರು. ಆಮೇಲೆ ಆದೇಶ ಬಂತು, ಬೋರ್ಡು ಬಂತು, ಕೋಣೆ ಬಂತು. ಕಂಪ್ಯೂಟರ್ ಬಂತು, ಅದರಲ್ಲಿ ಹುಡುಕಿದರೆ ಅದು ಯೋಚಿಸುತ್ತಾ ಕೂರುತ್ತಿತ್ತು, ನನ್ನ ಹಾಗೆ. ಫೋಟೋ ಕಳಿಸಲೆಂದು ಮೊಬೈಲು ಬಂತು. ಜನ ಕಳಿಸುತ್ತಿದ್ದದ್ದು ಮುಚ್ಚಳದ ಫೋಟೋವನ್ನೇ. ಕೊನೆಗೆ ಬಂದವನು ನಾನು. ಇಷ್ಟು ವರ್ಷದಲ್ಲಿ ಕಟ್ಟಿದ್ದನ್ನು ಒಂದು ಮಧ್ಯಾಹ್ನದಲ್ಲಿ ಹಾಳುಮಾಡುವವನು ಒಬ್ಬ ಬೇಕಿತ್ತೇನೋ.

ಟ್ರಸ್ಟಿನ ಮೇಲಧಿಕಾರಿಗಳು ಕೇಂದ್ರ ನೋಡಲು ಬರುತ್ತಾರೆ ಎಂದು ಗೊತ್ತಾದಾಗ ಸಿಸ್ಟರ್ ಎರಡು ದಿನ ರಜೆಯಲ್ಲಿದ್ದರು, ಸಂಬಂಧಿಕರ ಮದುವೆ. ನನ್ನ ತಲೆಯಲ್ಲಿ ಒಂದು ಯೋಜನೆ ಹುಟ್ಟಿತು. ಕೋಣೆಯನ್ನು ಫಳಫಳ ಮಾಡಿಟ್ಟರೆ, ಇಂಥ ಚುರುಕಾದ ಹುಡುಗ ಈ ಗೂಡಿನಲ್ಲಿ ಏಕೆ ಕೊಳೆಯಬೇಕು ಎಂದು ದೊಡ್ಡವರೇ ನನ್ನನ್ನು ಔಷಧಿ ಕೌಂಟರಿಗೆ ಎತ್ತಿಹಾಕುತ್ತಾರೆ. ಕಪಾಟಿನ ಮುಚ್ಚಳಗಳನ್ನೆಲ್ಲ ಎರಡು ಬಕೆಟ್ಟು ಬಿಸಿನೀರು, ಸೋಪಿನ ಪುಡಿಯಲ್ಲಿ ನೆನೆಹಾಕಿದೆ. ಉಜ್ಜಿದೆ. ಒರೆಸಿದೆ. ದಸರಾ ಬೊಂಬೆ ಕೂರಿಸಿದ ಹಾಗೆ ಬಣ್ಣದ ಪ್ರಕಾರ ಜೋಡಿಸಿದೆ: ಮೇಲಿನ ಸಾಲು ಕೆಂಪು, ಅದರ ಕೆಳಗೆ ಹಳದಿ, ಆಮೇಲೆ ಹಸಿರು, ನೀಲಿ, ಬಿಳಿ. ದೂರ ನಿಂತು ನೋಡಿ ಆನಂದಪಡೋಣವೆಂದರೆ ದೂರ ನಿಲ್ಲಲು ಜಾಗವಿರಲಿಲ್ಲ. ಬಕೆಟ್ಟಿನಲ್ಲಿ ಏನೇನೋ ಕಸ ತೇಲುತ್ತಿತ್ತು, ಮೋರಿಗೆ ಸುರಿದೆ.

ಕೈ ತೊಳೆಯುವಾಗ ಮೊಣಕೈಗೆ ಏನೋ ಅಂಟಿಕೊಂಡಿತ್ತು. ಕಿತ್ತು ನೋಡಿದರೆ ಪ್ಲಾಸ್ಟರಿನ ಚೂರು. ಮುಚ್ಚಳದೊಳಗಿನ ಚೀಟಿಗಳ ನೆನಪು ನನಗೆ ಬಂದದ್ದು ಆಗ. ಸಿಸ್ಟರ್ ಅಕ್ಷರ, ಅರ್ಧ ಅಳಿಸಿಹೋಗಿತ್ತು. ವಾಂತಿ ಮಾಡಿಸಬೇಡಿ, ಎಂದಿತ್ತು.

ಅವತ್ತು ಸಂಜೆಯವರೆಗೂ ನೋಟ್‌ಬುಕ್ಕನ್ನೂ ಮುಚ್ಚಳಗಳನ್ನೂ ಎದುರು ಬದುರು ಇಟ್ಟುಕೊಂಡು ಕೂತೆ. ಕೆಂಪು ಮುಚ್ಚಳಗಳೇ ಒಂದು ಸಾಲು ತುಂಬ ಇದ್ದವು, ಎಲ್ಲವೂ ನನ್ನನ್ನು ನೋಡಿ ಹಲ್ಲು ಕಿಸಿದ ಹಾಗೆ. ಸಿಸ್ಟರಿಗೆ ಫೋನು ಮಾಡಿ ಹೇಳಬೇಕಿತ್ತು. ಮದುವೆ ಮನೆಯಲ್ಲಿದ್ದಾರೆ, ಪಾಪ, ಎಂದುಕೊಂಡೆ. ನಿಜ ಏನೆಂದರೆ ಹೆದರಿಕೆ. ದೊಡ್ಡವರು ಬಂದುಹೋಗುವವರೆಗೆ ಒಂದೇ ಒಂದು ದಿನ ನಾಲ್ಕು ತಾಲೂಕಿನಲ್ಲಿ ಯಾರೂ ಏನನ್ನೂ ಬಾಯಿಗೆ ಹಾಕಿಕೊಳ್ಳದಿದ್ದರೆ ಸಾಕು ಎಂದು ಬೇಡಿಕೊಂಡೆ.

ಮಾರನೆಯ ದಿನ ಬೆಳಿಗ್ಗೆ ಸಿಸ್ಟರ್ ಬಂದು ಕಪಾಟು ನೋಡಿ, ಪರವಾಗಿಲ್ಲವೇ, ಎಂದು ಹುಬ್ಬು ಹಾರಿಸಿದರು. ಮುಚ್ಚಳ ತಿರುಗಿಸಿ ನೋಡುವಷ್ಟರಲ್ಲಿ ಅಧಿಕಾರಿಗಳು ಬಂದೇಬಿಟ್ಟರು, ಮೂವರು. ನಾನು ಕಾಲೆತ್ತಿಕೊಂಡೆ. ಒಬ್ಬರು ಉಳಿದ ಕುರ್ಚಿಯಲ್ಲಿ ಕೂತರು, ಇಬ್ಬರು ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು ನಿಂತರು, ಸಿಸ್ಟರ್ ಕಪಾಟಿಗೆ ಒರಗಿದರು. ಇನ್ನು ಒಬ್ಬರು ಹೊರಹೋಗಬೇಕಾದರೂ ಎಲ್ಲರೂ ಎದ್ದು ಜಾಗ ಬದಲಿಸಬೇಕು. ಬಹಳ ಅಚ್ಚುಕಟ್ಟು ಎಂದು ಕೂತವರು ಹೇಳಿದರು. ನಾನು ನಾಚಿಕೊಂಡು ನಕ್ಕೆ. ಆಗ ಫೋನು ಹೊಡೆದುಕೊಂಡಿತು.

ಕೆ.ಆರ್. ಪೇಟೆ ತಾಲೂಕಿನ ಒಂದು ಹಳ್ಳಿಯಿಂದ ಒಬ್ಬ ಹೆಂಗಸು. ಏದುಸಿರು ಬಿಡುತ್ತಿದ್ದಳು.

"ಸಾ, ನಮ್ಮೆಜಮಾನ್ರು ಕಬ್ಬಿನ್ ಸಾಲಿಗೆ ಕಳೆ ಔಷ್ದಿ ಹೊಡೀತಿದ್ರು. ನಾಜಲ್ ಕಟ್ಕಂತು ಅಂತ ಬಾಯಾಗ್ ಎಳ್ದವ್ರೆ. ಒಸಿ ಒಳಿಕ್ಕೋಗ್ಬುಟ್ಟದೆ."

ಏನೇ ಆಗಿರಲಿ ಬಾಯಿ ತೊಳೆಸಿ, ಬಟ್ಟೆ ಬದಲಿಸಿ, ವಾಂತಿ ಮಾಡಿಸಬೇಡಿ, ಈಗಲೇ ಆಸ್ಪತ್ರೆಗೆ ಹೊರಡಿಸಿ ಎಂದೆ. ಅಷ್ಟು ಮಾತ್ರ ನನಗೆ ಬಾಯಿಪಾಠವಾಗಿತ್ತು. ಅವಳ ಕಷ್ಟ ಬೇರೆಯೇ ಇತ್ತು. ಗಂಡ ಹೊರಡಲು ಒಪ್ಪುತ್ತಿಲ್ಲ. ಉಗುಳಿದ್ದೀನಿ, ಏನೂ ಆಗಿಲ್ಲ, ಎಂದು ಬೇವಿನ ಮರದ ಕೆಳಗೆ ಕೂತು ಟೀ ಕುಡಿಯುತ್ತಿದ್ದಾನೆ. ಔಷಧಿ ಪಕ್ಕದ ಹೊಲದವರು ನೀರಿನ ಬಾಟಲಿಯಲ್ಲಿ ಕೊಟ್ಟದ್ದು, ಅವರ ಫೋನು ಸಿಗುತ್ತಿಲ್ಲ. ಅದು ಇಂಥದ್ದು, ಹೀಗೆ ಮಾಡುತ್ತದೆ ಎಂದು ನೀವು ಹೇಳಿದರೆ ಎದ್ದಾನು, ಎಂದಳು. ಅಷ್ಟರಲ್ಲಿ ಮೊಬೈಲಿಗೆ ಫೋಟೋ ಬಂತು. ಅಂಗೈ ಮೇಲೆ ಕೆಂಪು ಮುಚ್ಚಳ, ದಾರ ಸಮೇತ.

ಸಿಸ್ಟರ್ ನನ್ನ ಭುಜದ ಮೇಲಿಂದ ಬಗ್ಗಿ ನೋಡಿದರು. "ಈ ಥರದ್ದು ಎರಡಿದೆ. ಎರಡೂ ಕಳೆಗೆ ಹೊಡೆಯೋದೇ. ಒಂದಾದ್ರೆ ಹೊಟ್ಟೆ ಕೆಟ್ಟು ಸರಿಹೋಗತ್ತೆ. ಇನ್ನೊಂದು ಒಂದು ಗುಟುಕು ಹೋದ್ರೂ ಕಷ್ಟ. ಅಂಚಿನ ಗೆರೆ ಬೇರೆ ಬೇರೆ ಇರತ್ತೆ, ನೆನಪಿನ ಮೇಲೆ ಹೇಳಬಾರದು, ಕಪಾಟಿಂದ ತೆಗೆದು ಚೀಟಿ ನೋಡು."

ನಾನು ಅಲುಗಾಡಲಿಲ್ಲ. ಎಡಕ್ಕೆ ಗೋಡೆ, ಬಲಕ್ಕೆ ಅಧಿಕಾರಿಯ ಮೊಣಕಾಲು, ಎದುರಿಗೆ ಬಾಗಿಲಿಗೆ ಅಂಟಿದ ಇಬ್ಬರು, ಹಿಂದೆ ಸಿಸ್ಟರ್, ಕಿವಿಯಲ್ಲಿ ಆ ಹೆಂಗಸಿನ ಉಸಿರು. ಓಡಿಹೋಗಲು ನನಗೆ ಎಂದೂ ಇಷ್ಟು ಆಸೆಯಾಗಿರಲಿಲ್ಲ, ಮತ್ತು ಅದಕ್ಕೆ ಇಷ್ಟು ಕಡಿಮೆ ಅನುಕೂಲವೂ ಇರಲಿಲ್ಲ. ಊಹೆ ಮಾಡಿ ಒಂದು ಹೆಸರು ಹೇಳಿಬಿಟ್ಟರೆ? ಬರೀ ಹೊಟ್ಟೆ ಕೆಡಿಸುವುದು ಎಂದರೆ ಅವನು ಮರದ ಕೆಳಗೇ ಕೂರುತ್ತಾನೆ. ಈ ಯೋಚನೆ ಒಂದು ಕ್ಷಣ ಬಂದದ್ದು ನಿಜ. ಬರೆಯಲು ನಾಚಿಕೆಯಾಗುತ್ತದೆ.

"ಸಿಸ್ಟರ್, ಚೀಟಿಗಳಿಲ್ಲ," ಎಂದೆ. "ನಾನೇ ಎಲ್ಲ ತೊಳೆದುಬಿಟ್ಟೆ."

ಕೂತಿದ್ದ ಅಧಿಕಾರಿ ಕಪಾಟನ್ನು ಇನ್ನೊಮ್ಮೆ ನೋಡಿದರು. ಸಿಸ್ಟರ್ ಕೈಚಾಚಿ ಒಂದು ಮುಚ್ಚಳ ತಿರುಗಿಸಿದರು, ಇನ್ನೊಂದು ತಿರುಗಿಸಿದರು, ವಾಪಸ್ಸಿಟ್ಟರು.

"ಬೈಯೋದು ಆಮೇಲೆ," ಎಂದರು. "ಕಪಾಟಿಗೆ ಗೊತ್ತಿಲ್ಲದಿದ್ರೆ ಅವಳಿಗೆ ಗೊತ್ತಿರತ್ತೆ. ಕೇಳು."

ಏನು ಕೇಳುವುದು? ಬಣ್ಣ ಕೇಳಿದೆ. ನೀರಿಗೆ ಬೆರೆಸಿಯಾಗಿದೆ, ಗೊತ್ತಾಗುತ್ತಿಲ್ಲ ಎಂದಳು. ವಾಸನೆ ಕೇಳಿದೆ. ಔಷಧಿ ವಾಸನೆ ಎಂದಳು. ಟ್ಯಾಂಕಿಗೆ ಎಷ್ಟು ಮುಚ್ಚಳ ಎಂದರೆ, ಗಂಡ ಕಣ್ಣಂದಾಜಿನಲ್ಲಿ ಸುರಿಯುವವನು. ಆಗ ನನಗೆ ನೆನಪಾದದ್ದು ನಮ್ಮ ಹೊಲದಲ್ಲಿ ನಾನು ಮಾಡಿದ ಒಂದು ಘನಕಾರ್ಯ. ಬದುವಿನ ಹುಲ್ಲಿಗೆ ಹೊಡಿ ಎಂದು ಅಪ್ಪ ಕೊಟ್ಟ ಕಳೆ ಔಷಧಿಯನ್ನು ನಾನು ಹಾಡು ಹೇಳುತ್ತಾ ಅವರೆ ಸಾಲಿಗೆ ಹೊಡೆದಿದ್ದೆ. ಸಂಜೆ ಹೊತ್ತಿಗೇ ಅವರೆಯೆಲ್ಲ ತಲೆ ಬಾಗಿಸಿತ್ತು, ಮಾರನೆ ದಿನ ಬೆಂಕಿ ಹಾಕಿದ ಹಾಗಿತ್ತು. ನಿಧಾನದ ಔಷಧಿಯಾಗಿದ್ದರೆ ವಾರವಾದರೂ ಟೈಮು ಸಿಕ್ಕಿರೋದು, ಬೇರೆ ಊರಿಗಾದರೂ ಓಡಿಹೋಗಿರುತ್ತಿದ್ದೆ, ಎಂದು ಅಣ್ಣ ಆಡಿಕೊಂಡಿದ್ದ.

"ಅಕ್ಕ, ಇದೇ ಔಷ್ದಿ ಅವ್ರು ಮೊದ್ಲು ಹೊಡ್ದಿದ್ ನೋಡಿದೀರಾ? ಹುಲ್ಲು ಎಷ್ಟ್ ದಿನುಕ್ ಒಣಗ್ತು?"

"ನೋಡ್ದೆ ಏನ್ ಸಾ, ಅವ್ರ್ ಬದುನಾಗೇ ನಾನ್ ಹಸೀಗೆ ಉಲ್ಲ್ ಕುಯ್ಯೋದು. ಬೆಳಿಗ್ಗೆ ಹೊಡುದ್ರೆ ಸಂಜಿಕೆಲ್ಲ ಬಾಡೋಯ್ತಿತ್ತು. ಮಾರ್ನೆ ದಿನ ಸುಟ್ಟಾಕ್ದಂಗೆ ಆಗೋಯ್ತಿತ್ತು."

ನಾನು ಸಿಸ್ಟರ್ ಮುಖ ನೋಡಿದೆ. ಅವರು ಆಗಲೇ ಮೊಬೈಲಿನಲ್ಲಿ ಕೆ.ಆರ್. ಪೇಟೆ ಆಸ್ಪತ್ರೆಗೆ ನಂಬರು ಒತ್ತುತ್ತಿದ್ದರು. ಒಂದೇ ದಿನದಲ್ಲಿ ಹುಲ್ಲು ಸುಡುವುದು ಆ ಒಂದು ಗುಟುಕಿನದೇ, ಎರಡರಲ್ಲಿ ಬೇಡದ್ದೇ ಆಗಿತ್ತು. ಫೋನು ಅವರಿಗೆ ಕೊಡಿ ಅಕ್ಕ ಎಂದೆ. ಒಂದಷ್ಟು ಹೊತ್ತು ದೂರದಲ್ಲಿ ಜಗಳ ಕೇಳಿಸಿತು, ಆಮೇಲೆ ಗಂಡಸಿನ ದನಿ.

"ಯಾರ್ಲಾ ಅದು? ಗುಂಡ್ಕಲ್ಲಿದ್ದಂಗ್ ಇವ್ನಿ ಕಣಪ್ಪ. ಇವ್ಳೊಬ್ಳು, ಊರೆಲ್ಲ ಸ್ಯಾರುಸ್ತಾವ್ಳೆ."

"ಅಣ್ಣ, ಇವತ್ತು ಅದು ಏನೂ ಮಾಡಾಕಿಲ್ಲ. ಅದ್ಕೇ ಕಷ್ಟ. ಇವತ್ತು ಚೆನ್ನಾಗಿರ್ತೀರಿ, ನಾಳೆ ಬಾಯಿ ಹುಣ್ಣಾಯ್ತದೆ, ಆಮೇಲೆ ಉಸ್ರು ಹಿಡ್ಕತದೆ. ಅವಾಗ ಬಂದ್ರೆ ಯಾರ್ ಕೈಲೂ ಏನೂ ಆಗಲ್ಲ. ಈಗ ಹೋದ್ರೆ ಆಯ್ತದೆ."

"ಎದ್ರುಸ್ತೀಯೇನ್ಲಾ?"

"ನಾನೇ ಹೆದ್ರಿವ್ನಿ ಅಣ್ಣ."

ಅವನು ಬೇರೆ ದಾರಿ ಹಿಡಿದ. "ನಾವಿಬ್ರೂ ಹೊಂಟೋದ್ರೆ ಸಂಜೆ ಹಸ ಕರ್ದು ಡೈರಿಗೆ ಆಲಾಕೋರ್ ಯಾರು? ನೀನ್ ಬತ್ತೀಯಾ?"

"ಬತ್ತೀನಿ," ಎಂದುಬಿಟ್ಟೆ.

"ಕರಿಯಾಕ್ ಬತ್ತದೇನ್ಲಾ?"

"ನಾಗಮಂಗ್ಲದೋನು ಕಣಣ್ಣ. ಹಸ ಒದ್ರೂ ಚೊಂಬು ಬುಡಾಕಿಲ್ಲ. ನೀವು ಗಾಡಿ ಹತ್ತಿ."

ಅವನು ನಕ್ಕ. ನಗುತ್ತಿದ್ದ ಆ ಗಂಟಲಿನೊಳಗೆ ಏನು ಇಳಿದಿದೆ ಎಂದು ಅವನಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಹೆಂಡತಿ ಫೋನು ಕಿತ್ತುಕೊಂಡು, ಬೈಕಿನಲ್ಲಿ ಕೂತವ್ರೆ ಸಾ, ನಾನೂ ಹಿಂದೆ ಹತ್ಕಂತೀನಿ, ಎಂದಳು. ಬಾಟಲಿಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಜೊತೆಗೆ ತರಲು ಹೇಳಿದೆ. ಲೈನು ಕಟ್ಟಾಯಿತು.

ಇನ್ನು ಕಾಯುವುದು. ನಾನು ಏಳುವ ಹಾಗಿಲ್ಲ. ನಾನು ಏಳದೆ ಕುರ್ಚಿ ಸರಿಯುವುದಿಲ್ಲ, ಕುರ್ಚಿ ಸರಿಯದೆ ಬಾಗಿಲು ತೆರೆಯುವುದಿಲ್ಲ. ಅಧಿಕಾರಿಗಳಿಗೆ ಮಧ್ಯಾಹ್ನ ಊಟದ ಏರ್ಪಾಡಾಗಿತ್ತು. ಹೊರಗಿನಿಂದ ಯಾರೋ ಎರಡು ಸಲ ತಟ್ಟಿ ಹೋದರು. ಒಳಗೆ ಯಾರೂ ಹೊರಡುವ ಮಾತಾಡಲಿಲ್ಲ. ಬಾಗಿಲಿಗೆ ಒರಗಿದ್ದವರಲ್ಲಿ ಒಬ್ಬರು ಕಾಲು ಬದಲಿಸುತ್ತಾ ಗೋಡೆ ಗಡಿಯಾರ ನೋಡುತ್ತಿದ್ದರು. ಸಿಸ್ಟರ್ ಅಲ್ಲಿನ ಡಾಕ್ಟರಿಗೆ ಎಲ್ಲ ಹೇಳಿ ಮುಗಿಸಿದ್ದರು: ಯಾವುದು, ಎಷ್ಟು ಹೊತ್ತಾಯಿತು, ವಿಷ ಹೀರುವ ಇದ್ದಿಲು ಕುಡಿಸುವುದು, ಈ ವಿಷದಲ್ಲಿ ಶ್ವಾಸಕೋಶ ಇನ್ನಷ್ಟು ಕೆಡುವುದರಿಂದ ಬೇಕೇಬೇಕು ಎನ್ನಿಸುವವರೆಗೆ ಆಕ್ಸಿಜನ್ ಹಾಕದಿರುವುದು, ಅಲ್ಲಿಂದ ಮೈಸೂರಿಗೆ ಕಳಿಸುವುದು. ನಾನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ. ಚೀಟಿ ಇದ್ದಿದ್ದರೆ ಫೋಟೋ ಬಂದ ಕೂಡಲೇ ಹೇಳಬಹುದಿತ್ತು. ಬಣ್ಣ, ವಾಸನೆ, ಅವರೆ ಸಾಲು ಎಂದು ನಾನು ತಡಕಾಡಿದ ಅಷ್ಟೂ ಹೊತ್ತು ಅದು ಅವನ ಹೊಟ್ಟೆಯಲ್ಲಿ ತನ್ನ ಕೆಲಸ ಮಾಡುತ್ತಿತ್ತು.

ಕೊನೆಗೆ ಕೆ.ಆರ್. ಪೇಟೆಯ ಡಾಕ್ಟರ ಫೋನು ಬಂತು. ರೋಗಿ ಬಂದಿದ್ದಾನೆ, ಇದ್ದಿಲು ಕುಡಿಸುತ್ತಿದ್ದೇವೆ, ಯಾರೋ ಫೋನಿನವನನ್ನು ಬೈಯುತ್ತಿದ್ದಾನೆ, ಎಂದರು. ನಾನು ಎದ್ದೆ. ಬಾಗಿಲು ತೆರೆಯಿತು. ಕೂತಿದ್ದ ಅಧಿಕಾರಿ ಹೋಗುವಾಗ ನನ್ನನ್ನು ಏನೂ ಅನ್ನಲಿಲ್ಲ. ಅವರ ವರದಿಯಲ್ಲಿ ನಮ್ಮ ಕೇಂದ್ರದ ಬಗ್ಗೆ ಇದ್ದ ಸಾಲು ಒಂದೇ: ಬಾಗಿಲನ್ನು ಹೊರಕ್ಕೆ ತೆರೆಯುವಂತೆ ಕೂರಿಸುವುದು.

ಸಂಜೆಯ ಹಾಲಿನ ಹೊತ್ತಿಗೆಂದು ನಾನು ಅವರ ಊರಿನ ಬಸ್ಸು ಹತ್ತಿದೆ. ಸಿಸ್ಟರೇ ಕಳಿಸಿದರು. ಊರಿನವರು ಮನೆ ತೋರಿಸಿದರು. ಹಸು ನನ್ನನ್ನು ನೋಡಿದ ಕೂಡಲೇ ಇವನು ಯಾವ ಥರದವನು ಎಂದು ಅರ್ಥಮಾಡಿಕೊಂಡಿತು. ಒಮ್ಮೆ ಒದ್ದದ್ದು ಚೊಂಬಿಗೆ, ಎರಡನೆಯದು ನನಗೆ. ಉಳಿದದ್ದನ್ನು ಹಿಡಿದುಕೊಂಡು ಡೈರಿಯ ಸಾಲಿನಲ್ಲಿ ನಿಂತೆ. ಮಾರನೆಯ ದಿನದಿಂದ ಪಕ್ಕದ ಹೊಲದವರೇ ಹಾಲು ಕರೆಯುತ್ತೇವೆ ಎಂದರು. ಔಷಧಿ ಕೊಟ್ಟವರು ಅವರೇ. ಮುಖ ಎತ್ತಿ ಮಾತಾಡಲಿಲ್ಲ, ನಾನೂ ಎತ್ತಲಿಲ್ಲ.

ಆಮೇಲಿನ ದಿನಗಳು ಆ ಕೋಣೆಯಲ್ಲಿ ನಾನು ಕಳೆದ ಮೂರು ವರ್ಷಕ್ಕಿಂತ ಉದ್ದವಾಗಿದ್ದವು. ನಿಯಮದ ಪ್ರಕಾರ ನನಗೆ ಏಳುವ ಸ್ವಾತಂತ್ರ್ಯವಿತ್ತು, ಏಳಲು ಆಗುತ್ತಿರಲಿಲ್ಲ. ದಿನಾ ಬೆಳಿಗ್ಗೆ ಅವನ ಹೆಂಡತಿಗೆ ಫೋನು ಮಾಡುತ್ತಿದ್ದೆ. ಬಾಯೆಲ್ಲ ಹುಣ್ಣು, ಗಂಜಿಯೂ ಇಳಿಯುತ್ತಿಲ್ಲ ಎಂದಳು. ಮೂತ್ರ ಕಡಿಮೆಯಾಗಿದೆ ಎಂದಳು. ಒಂದು ದಿನ ಅವಳು ಫೋನೇ ಎತ್ತಲಿಲ್ಲ. ಅವತ್ತು ನಾನು ತಿಂಡಿಯನ್ನೂ ತಿನ್ನಲಿಲ್ಲ, ಜೋಕನ್ನೂ ಹೇಳಲಿಲ್ಲ. ಸಿಸ್ಟರ್ ನನ್ನ ಎದುರಿಗೆ ಕೂತು ನೋಟ್‌ಬುಕ್ಕು ಬಿಚ್ಚಿ, ಒಂದೊಂದೇ ಮುಚ್ಚಳ ಹಿಡಿದು, ಅಂಚಿನ ಗೆರೆ ಬೆರಳಿನಿಂದ ಸವರಿ ನಂಬರು ಹೇಳುತ್ತಿದ್ದರು, ನಾನು ಪ್ಲಾಸ್ಟರಿನ ಮೇಲೆ ಬರೆದು ಅಂಟಿಸುತ್ತಿದ್ದೆ. ಕೆಲವು ಅವರಿಗೂ ನೆನಪಾಗಲಿಲ್ಲ. ಅವನ್ನು ಬೇರೆ ಡಬ್ಬಕ್ಕೆ ಹಾಕಿದೆವು. ಕಳೆ ಔಷಧಿಗಳ ಚೀಟಿಯಲ್ಲಿ ಹೊಸದಾಗಿ ಒಂದು ಸಾಲು ಸೇರಿತು, ಹುಲ್ಲು ಎಷ್ಟು ಹೊತ್ತಿಗೆ ಒಣಗುತ್ತದೆ ಎಂದು. ಬೈಯುತ್ತೇನೆ ಎಂದಿದ್ದರಲ್ಲ, ಅವರು ಬೈಯಲೇ ಇಲ್ಲ. ಬೈದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

ಫೋನು ಎತ್ತದ ದಿನದ ಮಾರನೆ ದಿನ ಅವಳೇ ಮಾಡಿದಳು. ಚಾರ್ಜರು ಊರಿನಲ್ಲೇ ಬಿಟ್ಟು ಬಂದಿದ್ದಳಂತೆ. ಮೂತ್ರ ಸರಿಯಾಗುತ್ತಿದೆ, ಉಸಿರಿಗೆ ತೊಂದರೆ ಇಲ್ಲ, ಬಾಯಲ್ಲಿ ಎಳೆದದ್ದು ಕಡಿಮೆ, ಬೇಗ ಬಂದಿದ್ದೀರಿ ಎಂದು ಡಾಕ್ಟರು ಹೇಳಿದರು, ಎಂದಳು. ಬೇಗ ಎಂಬ ಮಾತನ್ನು ನಾನು ಅವಳಿಂದ ಎರಡು ಸಲ ಹೇಳಿಸಿಕೊಂಡೆ.

ಮತ್ತೆಷ್ಟೋ ದಿನದ ಮೇಲೆ ಅವನನ್ನು ಮನೆಗೆ ಕಳಿಸಿದರು. ಕೇಸು ಮುಗಿಸಲು ರಿಜಿಸ್ಟರಿನಲ್ಲಿ ಕೊನೆಯ ಒಂದು ಖಾನೆ ತುಂಬಬೇಕು, ರೋಗಿಯ ಈಗಿನ ಸ್ಥಿತಿ. ಫೋನು ಮಾಡಿದೆ. ಎತ್ತಿದ್ದು ಅವನೇ. ದನಿ ಒಡೆದು ಹೋಗಿತ್ತು, ಹಳೆ ರೇಡಿಯೋದ ಹಾಗೆ.

"ನೀನೇಯೇನ್ಲಾ ಅವತ್ ಹಸ ಕರ್ದೋನು? ಡೈರಿಯೋರ್ ಉಗೀತಾವ್ರೆ ಕಣ್ಲಾ. ಆ ಆಲ್ನಾಗೆ ಫ್ಯಾಟೇ ಇರ್ನಿಲ್ವಂತೆ."

ಹಸುವೇ ಸಹಕರಿಸಲಿಲ್ಲ ಎಂದು ಹೇಳಿ, ರಿಜಿಸ್ಟರಿಗೆ ಬೇಕು ಅಣ್ಣ, ಈಗ ಹೇಗಿದ್ದೀರಿ ಎಂದು ಕೇಳಿದೆ. ಅವನು ಕೆಮ್ಮಿ, ಗಂಟಲು ಸರಿಮಾಡಿಕೊಂಡು, ಯಾರಿಗೋ ಹುಲ್ಲು ಹಾಕಲು ಕೂಗಿ ಹೇಳಿ ಮತ್ತೆ ಫೋನಿಗೆ ಬಂದ.

"ಬದುಕಿವ್ನಿ ಅಂತ ಬರ್ಕ, ಇನ್ನೇನ್ ಬರೀತೀಯ."

ಹಾಗೆಯೇ ಬರೆದೆ. ಸಂಜೆ ಸಿಸ್ಟರ್ ಓದಿ, ರಿಜಿಸ್ಟರಿನಲ್ಲಿ ಇದೇನು ಭಾಷೆ ಎಂದು ಪೆನ್ನು ಎತ್ತಿದರು. ಇನ್ನೊಮ್ಮೆ ಓದಿದರು. ಪೆನ್ನಿನ ಕ್ಯಾಪು ಹಾಕಿ, ಕೆಳಗೆ ಸಹಿ ಮಾಡು ಎಂದು ರಿಜಿಸ್ಟರನ್ನು ನನ್ನ ಕಡೆಗೆ ತಳ್ಳಿದರು.